ರೂಟ್ ಪಾಸ್‌ವರ್ಡ್ ನನ್ನ ಹತ್ತಿರ ಇತ್ತು

ನಾಲ್ಕನೇ ಸೆಮ್‌ನ ಆಪರೇಟಿಂಗ್ ಸಿಸ್ಟಮ್ ಸೆಮಿನಾರ್‌ಗೆ ಮೇಡಂ ಚೀಟಿ ಎತ್ತಿಸಿದರು. ನನ್ನ ಪಕ್ಕದವನಿಗೆ ಡೆಡ್‌ಲಾಕ್ ಬಂತು. ಪುಣ್ಯಾತ್ಮ, ಹಿಂದಿನ ರಾತ್ರಿ ಕೂತರೂ ಮುಗಿಯುತ್ತೆ. ನನಗೆ ಬಂದದ್ದು ಲಿನಕ್ಸ್ ಕರ್ನಲ್‌ನಲ್ಲಿ ಇಂಟೆಲ್ ಎಸ್‌ಜಿಎಕ್ಸ್ ಎನ್‌ಕ್ಲೇವ್. ಎನ್‌ಕ್ಲೇವ್ ಅನ್ನುವ ಪದವನ್ನು ಅದುವರೆಗೆ ನಾನು ಕೇಳಿದ್ದು ಅಪಾರ್ಟ್‌ಮೆಂಟ್‌ಗಳ ಹೆಸರಿನಲ್ಲಿ ಮಾತ್ರ. ಬದಲಾಯಿಸಿಕೊಡಿ ಅಂತ ಕೇಳಿದೆ. "ಓದಿ ನೋಡು, ಚೆನ್ನಾಗಿದೆ" ಅಂದರು, ಅಷ್ಟೇ.

ಓದಿದೆ. ಹದಿನೈದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ, ಮಾರ್ಕ್ಸ್ ಬಂತು, ಸ್ಲೈಡುಗಳನ್ನು ಜೂನಿಯರ್ ಒಬ್ಬ ಕೇಳಿ ಇಸ್ಕೊಂಡ. ಆದರೆ ಅದನ್ನು ಓದುವಾಗ ನನ್ನ ತಲೆಯಲ್ಲಿ ಓಡುತ್ತಿದ್ದ ವಿಷಯ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೆದವನಲ್ಲ ನಾನು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿರುತ್ತಾರೆ ಅಂತ ನಂಬಿದ್ದೇನೆ.

ಮೊದಲು ಒಂದು ವರ್ಷ ಹಿಂದಕ್ಕೆ ಹೋಗೋಣ.

ಫಸ್ಟ್ ಇಯರ್‌ನಲ್ಲಿ ಹಾಸ್ಟೆಲ್ ಹುಡುಗರೇ ಸೇರಿ ಒಂದು ವೆಬ್ ಪುಟ ಮಾಡಿದ್ದರು. ಯಾರು ಬೇಕಾದರೂ ಹೆಸರು ಹಾಕದೆ ಏನು ಬೇಕಾದರೂ ಬರೆಯಬಹುದು. ಮೆಸ್ಸಿನ ಸಾಂಬಾರ್ ಬಗ್ಗೆ, ಬಾತ್‌ರೂಮಿನ ನಲ್ಲಿ ಬಗ್ಗೆ, ಅಥವಾ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಕಷ್ಟದ ಬಗ್ಗೆ. ಸಾಂಬಾರಿನದು ಕಮಿಟಿಗೆ ಹೋಗುತ್ತೆ, ಕಷ್ಟದ್ದು ಕೌನ್ಸೆಲರ್ ಮೇಡಂಗೆ ಹೋಗುತ್ತೆ. ಪುಟದ ಮೇಲೆ ದಪ್ಪಕ್ಷರದಲ್ಲಿ "ನೀವು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ" ಅಂತ ಬರೆದಿತ್ತು. ಇದೆಲ್ಲ ಓಡುತ್ತಿದ್ದದ್ದು ಲ್ಯಾಬಿನ ಮೂಲೆಯಲ್ಲಿದ್ದ ಒಂದು ಹಳೇ ಡೆಸ್ಕ್‌ಟಾಪ್ ಮೇಲೆ. ನೋಡಿಕೊಳ್ಳುತ್ತಿದ್ದ ಸೀನಿಯರ್ ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿ ಅದನ್ನು ನನಗೆ ಒಪ್ಪಿಸಿ ಹೋದರು. ನನಗೆ ಲಿನಕ್ಸ್ ಬರುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇತ್ತು, ಅಷ್ಟೇ. ಒಂದು ಸಣ್ಣ ಚೀಟಿಯಲ್ಲಿ ರೂಟ್ ಪಾಸ್‌ವರ್ಡ್ ಬರೆದುಕೊಟ್ಟರು. ಅವತ್ತು ನಾನು ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಒಂದು ರಾತ್ರಿ ಡಿಸ್ಕ್ ತುಂಬಿ ಸರ್ವರ್ ನಿಂತುಹೋಯಿತು. ಯಾವ ಫೈಲ್ ದೊಡ್ಡದಾಗಿದೆ ಅಂತ ಹುಡುಕುತ್ತಾ ಡೇಟಾಬೇಸ್ ತೆರೆದೆ. ತೆರೆಯಬೇಕಾಗಿರಲಿಲ್ಲ. ಲಾಗ್ ಫೈಲ್ ಅಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೂ ತೆರೆದೆ, ಕೊನೆಯ ಐದಾರು ಬರಹ ಓದಿದೆ. ಅದರಲ್ಲಿ ಒಂದನ್ನು ಓದುತ್ತಿದ್ದಂತೆ ಕೈ ತಣ್ಣಗಾಯಿತು. ಹೆಸರಿರಲಿಲ್ಲ. ಆದರೆ ಅದರಲ್ಲಿ ಒಂದು ಪದ ಇತ್ತು, ಅದನ್ನು ಹಾಗೆ ಬಳಸುವವನು ನಮ್ಮ ಬ್ಲಾಕಿನಲ್ಲಿ ಒಬ್ಬನೇ. ಪಕ್ಕದಲ್ಲಿ ಸಮಯವೂ ದಾಖಲಾಗಿತ್ತು, ರಾತ್ರಿ ಒಂದೂ ನಲವತ್ತು. ಆ ಹೊತ್ತಿನಲ್ಲಿ ನಮ್ಮ ರೂಮಿನಲ್ಲಿ ಎದ್ದು ಕೂತಿದ್ದವನು ನನ್ನ ರೂಮ್‌ಮೇಟ್.

ಎರಡು ಬ್ಯಾಕ್‌ಲಾಗ್ ಇದೆ, ಮನೆಯಲ್ಲಿ ಎಲ್ಲ ಪಾಸ್ ಅಂತ ಸುಳ್ಳು ಹೇಳಿದ್ದೇನೆ, ಅಪ್ಪನ ಮುಖ ನೋಡಲು ಆಗುತ್ತಿಲ್ಲ, ಕಾಲೇಜು ಬಿಡೋಣ ಅನ್ನಿಸುತ್ತಿದೆ ಅಂತ ಬರೆದಿದ್ದ.

ನಾನು ಏನು ಮಾಡಿದೆ? ಎರಡು ದಿನ ಸುಮ್ಮನಿದ್ದೆ, ಆಮೇಲೆ ಭಯವಾಯಿತು. ಒಬ್ಬ ಸೀನಿಯರ್‌ಗೆ ಹೇಳಿದೆ. ಅವರು ಒಳ್ಳೆಯದಕ್ಕೇ ಅಂತ ಮೆಂಟರ್ ಸರ್‌ಗೆ ಹೇಳಿದರು. ಸರ್ ಒಳ್ಳೆಯದಕ್ಕೇ ಅಂತ ಮನೆಗೆ ಫೋನ್ ಮಾಡಿದರು. ಮರುದಿನ ಅವನ ಅಪ್ಪ ಹಾಸ್ಟೆಲ್ ಗೇಟಿನ ಹತ್ತಿರ ಚಪ್ಪಲಿ ಬಿಡಬೇಕೋ ಬೇಡವೋ ಅಂತ ಗೊತ್ತಾಗದೆ ನಿಂತಿದ್ದರು. ಈ ಇಡೀ ಸರಪಳಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಅಪ್ಪ ಹೋದ ಮೇಲೆ ಅವನು ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ, "ನೀನು ಓದಿದೆ, ಅಲ್ವಾ?" ನಾನು ಹೂಂ ಅಂದೆ. "ಆ ಭಾನುವಾರ ಊರಿಗೆ ಹೋಗಿ ನಾನೇ ಹೇಳೋನಿದ್ದೆ," ಅಂದ. ಮುಂದಿನ ವಾರ ಬೇರೆ ರೂಮಿಗೆ ಹೋದ. ಜಗಳ ಆಗಲಿಲ್ಲ. ಮೆಸ್ಸಿನಲ್ಲಿ ಸಿಕ್ಕರೆ ನಗುತ್ತಿದ್ದ. ಆ ನಗು ನೋಡೋದಕ್ಕಿಂತ ಜಗಳ ಆಡಿದ್ದರೇ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಈಗ ಸೆಮಿನಾರ್ ವಿಷಯಕ್ಕೆ ಬರುತ್ತೇನೆ.

ಸಿಎಸ್ ಅಲ್ಲದವರಿಗಾಗಿ ಹೇಳುವುದಾದರೆ, ಕಂಪ್ಯೂಟರಿನಲ್ಲಿ ಕರ್ನಲ್ ಅಂದರೆ ಹಾಸ್ಟೆಲ್‌ಗೆ ವಾರ್ಡನ್ ಇದ್ದ ಹಾಗೆ. ಯಾವ ಪ್ರೋಗ್ರಾಂಗೆ ಎಷ್ಟು ಮೆಮೊರಿ, ಯಾರು ಯಾವಾಗ ಪ್ರೊಸೆಸರ್ ಮೇಲೆ ಓಡಬೇಕು, ಯಾರು ಯಾವ ಫೈಲ್ ಮುಟ್ಟಬಹುದು, ಎಲ್ಲ ಅದರ ತೀರ್ಮಾನ. ಎಲ್ಲ ರೂಮಿನ ಮಾಸ್ಟರ್ ಕೀ ಅದರ ಹತ್ತಿರ ಇರುತ್ತೆ. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಯನ್ನು ನೋಡದ ಹಾಗೆ ಕರ್ನಲ್ ತಡೆಯುತ್ತೆ. ಆದರೆ ಕರ್ನಲ್ಲೇ ನೋಡಿದರೆ ತಡೆಯುವವರು ಯಾರೂ ಇಲ್ಲ. ರೂಟ್ ಪಾಸ್‌ವರ್ಡ್ ಇದ್ದವನು ಕರ್ನಲ್ ಕೈಯಲ್ಲಿ ಏನು ಬೇಕಾದರೂ ಮಾಡಿಸಬಹುದು. ಹಾಗಾಗಿ ಆ ಡೆಸ್ಕ್‌ಟಾಪಿನ ಪಾಲಿಗೆ ನಾನೇ ವಾರ್ಡನ್ ಆಗಿದ್ದೆ.

ಎನ್‌ಕ್ಲೇವ್ ಈ ಲೆಕ್ಕವನ್ನು ತಿರುಗಾಮುರುಗಾ ಮಾಡುತ್ತೆ. ಇಂಟೆಲ್ ಎಸ್‌ಜಿಎಕ್ಸ್ 2015ರಲ್ಲಿ ಸ್ಕೈಲೇಕ್ ಪ್ರೊಸೆಸರ್‌ಗಳ ಜೊತೆ ಬಂತು. ಪ್ರೋಗ್ರಾಂನ ಒಂದು ಭಾಗವನ್ನು ವಿಶೇಷ ಮೆಮೊರಿಯಲ್ಲಿ ಇಡಬಹುದು. ಆ ಮೆಮೊರಿಯನ್ನು ಪ್ರೊಸೆಸರ್ರೇ ಕಾಯುತ್ತೆ. ಡೇಟಾ ಚಿಪ್ ದಾಟಿ ರ್‍ಯಾಮ್‌ಗೆ ಹೋಗುವಾಗ ಗೂಢಲಿಪಿಯಲ್ಲಿ ಹೋಗುತ್ತೆ. ಹೊರಗಿನಿಂದ ಯಾರೇ ಓದಲು ಹೋದರೂ, ಅದು ಕರ್ನಲ್ಲೇ ಆದರೂ, ಪ್ರತಿ ಬಿಟ್ಟೂ ಬರೀ 1 ಅಂತ ಕಾಣಿಸುತ್ತೆ. ಅಂದರೆ ಏನೂ ಕಾಣಿಸಲ್ಲ.

ನಾನು ಮೊದಲು ಅಂದುಕೊಂಡದ್ದು, ಹಾಗಾದರೆ ಕರ್ನಲ್‌ಗೆ ಇಲ್ಲೇನು ಕೆಲಸ, ಹೊರಗೆ ನಿಲ್ಲಿಸಿದರೆ ಆಯಿತಲ್ಲ ಅಂತ. ಹಾಗಲ್ಲ. ಕೆಲಸವೆಲ್ಲ ಕರ್ನಲ್ಲೇ ಮಾಡಬೇಕು. ಎನ್‌ಕ್ಲೇವ್ ಕಟ್ಟುವ ಇನ್‌ಸ್ಟ್ರಕ್ಷನ್‌ಗಳನ್ನು ಚಲಾಯಿಸುವ ಅಧಿಕಾರ ಇರುವುದೇ ಕರ್ನಲ್‌ಗೆ. ನಾಲ್ಕು ಕೆಬಿಯ ಒಂದೊಂದು ಪುಟವನ್ನೂ ಕರ್ನಲ್ಲೇ ಒಳಗೆ ಸೇರಿಸುತ್ತೆ. ಹಾಗೆ ಸೇರಿಸಿದ್ದನ್ನು 256 ಬೈಟ್‌ಗಳ ತುಂಡು ತುಂಡಾಗಿ ಪ್ರೊಸೆಸರ್ ಅಳೆಯುತ್ತಾ ಹೋಗಿ ಕೊನೆಗೆ ಒಂದು ಹ್ಯಾಶ್ ಮಾಡಿ ಇಟ್ಟುಕೊಳ್ಳುತ್ತೆ. ಕರ್ನಲ್ ಮಧ್ಯದಲ್ಲಿ ಒಂದು ಅಕ್ಷರ ಬದಲಾಯಿಸಿದರೂ ಹ್ಯಾಶ್ ಬೇರೆ ಬರುತ್ತೆ, ಮೋಸ ಗೊತ್ತಾಗುತ್ತೆ. ಕಟ್ಟಿ ಮುಗಿದ ಮೇಲೆ ಬಾಗಿಲು ಹಾಕಿತು ಅಂದರೆ ಕಟ್ಟಿದವನಿಗೇ ಒಳಗೆ ಪ್ರವೇಶ ಇಲ್ಲ.

ಆಮೇಲೂ ಕರ್ನಲ್‌ನ ಚಾಕರಿ ತಪ್ಪಲ್ಲ. ಮೊದಲ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಈ ವಿಶೇಷ ಮೆಮೊರಿಗೆ ತೆಗೆದಿಡುತ್ತಿದ್ದದ್ದು 128 ಎಂಬಿ. ಅದರಲ್ಲಿ ನಿಜವಾಗಿ ಬಳಕೆಗೆ ಸಿಗುತ್ತಿದ್ದದ್ದು ಸುಮಾರು 93 ಎಂಬಿ. ಜಾಗ ಸಾಲದಾಗ ಕೆಲವು ಪುಟಗಳನ್ನು ಹೊರಗೆ ಇಡಬೇಕು. ಇದಕ್ಕಾಗಿಯೇ ಲಿನಕ್ಸ್‌ನಲ್ಲಿ ಒಂದು ಪ್ರತ್ಯೇಕ ಕರ್ನಲ್ ಥ್ರೆಡ್ ಇದೆ. ರಜೆಗೆ ಹೋಗುವಾಗ ನಾವು ಟ್ರಂಕಿಗೆ ಬೀಗ ಹಾಕಿ ಸ್ಟೋರ್ ರೂಮಿನಲ್ಲಿ ಇಟ್ಟು ಹೋಗಲ್ವಾ, ಹಾಗೆ ಪ್ರೊಸೆಸರ್ ಆ ಪುಟವನ್ನು ಗೂಢಲಿಪಿ ಮಾಡಿ ಕರ್ನಲ್ ಕೈಗೆ ಕೊಡುತ್ತೆ. ಜೊತೆಗೆ ಒಂದು ನಂಬರನ್ನು ತನ್ನ ಕಾವಲಿನ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತೆ. ವಾಪಸ್ ತರುವಾಗ ಕರ್ನಲ್ ಹೋದ ವಾರದ ಹಳೇ ಟ್ರಂಕನ್ನು ತಂದು ಇದೇ ಅದು ಅಂದರೆ ನಂಬರ್ ತಾಳೆಯಾಗಲ್ಲ. ಇಂಟರಪ್ಟ್ ಬಂದು ಎನ್‌ಕ್ಲೇವ್ ಅರ್ಧಕ್ಕೆ ಹೊರಗೆ ಬರಬೇಕಾದಾಗಲೂ ಅಷ್ಟೇ. ರಿಜಿಸ್ಟರುಗಳಲ್ಲಿ ಇದ್ದದ್ದನ್ನು ಪ್ರೊಸೆಸರ್ ಒಳಗೇ ಬಚ್ಚಿಟ್ಟು, ಅಳಿಸಿ, ಆಮೇಲೆ ಕರ್ನಲ್‌ಗೆ ಕೊಡುತ್ತೆ.

ನೀರು, ಕರೆಂಟು, ಜಾಗ ಎಲ್ಲ ಕೊಡಬೇಕು. ಬೇಕಾದರೆ ಕೊಡದೆ ಸತಾಯಿಸಬಹುದು, ಹೊರಗೂ ಹಾಕಬಹುದು, ಅದನ್ನು ಎಸ್‌ಜಿಎಕ್ಸ್ ತಡೆಯಲ್ಲ. ಆದರೆ ಒಳಗೆ ಏನಿದೆ ಅಂತ ನೋಡುವ ಹಾಗಿಲ್ಲ. ಇದನ್ನು ಓದುವಾಗ ಲೈಬ್ರರಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಡೀ ವರ್ಷ ನಾನು ಕೇಳಿಕೊಳ್ಳುತ್ತಿದ್ದದ್ದು "ನಾನು ಕೆಟ್ಟವನಾ?" ಅಂತ. ಈ ವಿನ್ಯಾಸ ಆ ಪ್ರಶ್ನೆಯನ್ನೇ ಕೇಳಲ್ಲ. ಕರ್ನಲ್ ಕೆಟ್ಟದ್ದು ಅಂತ ಅದು ಎಲ್ಲೂ ಹೇಳಲ್ಲ. ಒಬ್ಬನ ಗುಟ್ಟು ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಂತಿರಬಾರದು ಅನ್ನುತ್ತೆ, ಅಷ್ಟೇ. ನಾನು ಒಳ್ಳೆಯವನೇ ಆಗಿದ್ದೆ ಅಂತ ಇಟ್ಟುಕೊಂಡರೂ ಆ ರಾತ್ರಿ ಅದರಿಂದ ಏನೂ ಉಪಯೋಗ ಆಗಲಿಲ್ಲ.

ಕರ್ನಲ್ ಬರೆಯುವವರಿಗೂ ಇದು ಸುಲಭದ ತುತ್ತಾಗಿರಲಿಲ್ಲ. ಎಸ್‌ಜಿಎಕ್ಸ್ ಬೆಂಬಲದ ಪ್ಯಾಚ್‌ಗಳನ್ನು ಇಂಟೆಲ್ ಕಡೆಯವರು ಲಿನಕ್ಸ್‌ಗೆ ಮೊದಲು ಕಳಿಸಿದ್ದು 2016ರಲ್ಲಿ. ಅದು ಮುಖ್ಯ ಕರ್ನಲ್‌ಗೆ ಸೇರಿ 5.11ನೇ ಆವೃತ್ತಿಯಾಗಿ ಹೊರಬಂದದ್ದು 2021ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಆ ಪ್ಯಾಚ್ ಸರಣಿ 41ನೇ ಆವೃತ್ತಿಗೆ ಬಂದಿತ್ತು. ಲ್ಯಾಬ್ ರೆಕಾರ್ಡ್ ಎರಡು ಸಲ ವಾಪಸ್ ಕೊಟ್ಟರೇ ನಾವು ಇಡೀ ಡಿಪಾರ್ಟ್‌ಮೆಂಟನ್ನು ಬೈದುಕೊಳ್ಳುತ್ತೇವೆ.

ಅಷ್ಟೊಂದು ತಡವಾಗಲು ಒಂದು ಮುಖ್ಯ ಕಾರಣ ನನಗೆ ತುಂಬಾ ಹಿಡಿಸಿತು. ಮೊದಲ ವಿನ್ಯಾಸದಲ್ಲಿ ಯಾವ ಎನ್‌ಕ್ಲೇವ್ ಓಡಬಹುದು ಅನ್ನುವ ಕೊನೆಯ ಮಾತು ಇಂಟೆಲ್ ಸಹಿಯ ಕೈಯಲ್ಲಿತ್ತು. ಮೆಷಿನ್ ನನ್ನದು, ದುಡ್ಡು ಕೊಟ್ಟವನು ನಾನು, ಅದರಲ್ಲಿ ಏನು ಓಡಬೇಕು ಅಂತ ಹೇಳುವವರು ಬೇರೆ ಯಾರೋ. ಇದನ್ನು ಲಿನಕ್ಸ್ ಬಳಗ ಒಪ್ಪಲಿಲ್ಲ. ಆಮೇಲಿನ ಪ್ರೊಸೆಸರ್‌ಗಳಲ್ಲಿ ಆ ಅಧಿಕಾರವನ್ನು ಮೆಷಿನ್ ಮಾಲೀಕರಿಗೆ ಬಿಟ್ಟುಕೊಡುವ ಸೌಲಭ್ಯ ಬಂತು, ಫ್ಲೆಕ್ಸಿಬಲ್ ಲಾಂಚ್ ಕಂಟ್ರೋಲ್ ಅಂತ. ಅದು ಇರುವ ಮೆಷಿನ್‌ಗೆ ಮಾತ್ರ ಮುಖ್ಯ ಲಿನಕ್ಸ್ ಎಸ್‌ಜಿಎಕ್ಸ್ ಬೆಂಬಲ ಕೊಡುತ್ತೆ. ಅಂದರೆ, ನಾನು ಒಳಗೆ ನೋಡದೆ ಇರುತ್ತೇನೆ, ಆದರೆ ನನ್ನ ಮನೆಯಲ್ಲಿ ಯಾರಿಗೆ ರೂಮ್ ಕೊಡಬೇಕು ಅನ್ನೋದನ್ನು ನಾನೇ ತೀರ್ಮಾನಿಸುತ್ತೇನೆ ಅಂತ ಕರ್ನಲ್ ಹೇಳಿದ ಹಾಗೆ. ನ್ಯಾಯವಾದ ಮಾತು ಅನ್ನಿಸಿತು.

ಇಷ್ಟು ಓದಿದ ಮೇಲೆ ನನಗೆ ಹುಮ್ಮಸ್ಸು ಬಂತು. ಹಾಸ್ಟೆಲ್ ಪುಟವನ್ನು ಎನ್‌ಕ್ಲೇವ್‌ನಲ್ಲಿ ಓಡಿಸಿಬಿಡೋಣ, ರೂಟ್ ಇದ್ದರೂ ನನಗೇ ಏನೂ ಕಾಣಬಾರದು ಅಂತ ಹೊರಟೆ. ಲ್ಯಾಬಿನ ಹೊಸ ಮೆಷಿನ್‌ಗಳು 12ನೇ ಪೀಳಿಗೆಯ ಕೋರ್ ಪ್ರೊಸೆಸರ್‌ನವು. ನೋಡಿದರೆ 11ನೇ ಪೀಳಿಗೆಯಿಂದಲೇ ಇಂಟೆಲ್ ಇಂಥ ಸಾಮಾನ್ಯ ಕಂಪ್ಯೂಟರ್‌ಗಳ ಪ್ರೊಸೆಸರ್‌ಗಳಲ್ಲಿ ಎಸ್‌ಜಿಎಕ್ಸ್ ಕೈಬಿಟ್ಟಿದೆ, ಈಗ ಅದು ಇರುವುದು ಸರ್ವರ್‌ಗಳ ಜಿಯಾನ್‌ನಲ್ಲಿ. ನನ್ನ ಅಣ್ಣನ ಹಳೇ ಲ್ಯಾಪ್‌ಟಾಪಿನಲ್ಲಿ 7ನೇ ಪೀಳಿಗೆಯದು ಇತ್ತು. ಬಯೋಸ್‌ನಲ್ಲಿ ಎಸ್‌ಜಿಎಕ್ಸ್ ಆನ್ ಮಾಡಿ ಲಿನಕ್ಸ್ ಹಾಕಿದೆ. ಕರ್ನಲ್ ಅದನ್ನು ಮುಟ್ಟಲೇ ಇಲ್ಲ. ಕಾರಣ ನಾನು ಈಗಷ್ಟೇ ಮೆಚ್ಚಿ ಬರೆದ ಅದೇ ನಿಯಮ. ಆ ಹಳೇ ಚಿಪ್ಪಿನಲ್ಲಿ ಮಾಲೀಕರಿಗೆ ಅಧಿಕಾರ ಬಿಟ್ಟುಕೊಡುವ ಸೌಲಭ್ಯ ಇರಲಿಲ್ಲ.

ಕೊನೆಗೆ ಇಂಟೆಲ್ ಎಸ್‌ಡಿಕೆಯ ಸಿಮ್ಯುಲೇಷನ್ ಮೋಡ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದರಲ್ಲಿ ಎನ್‌ಕ್ಲೇವ್‌ನ ರೂಪ ಇರುತ್ತೆ, ಕಾವಲು ಇರಲ್ಲ. "ಇದು ಗುಟ್ಟು" ಅಂತ ಒಂದು ವಾಕ್ಯ ಒಳಗಿಟ್ಟೆ. ರೂಟ್ ಆಗಿ ಡೀಬಗರ್ ಹಾಕಿ ಹುಡುಕಿದೆ. ಸಿಕ್ಕಿತು, ಎರಡೇ ನಿಮಿಷ. ಬರೀ ಆಟದ ಪ್ರೋಗ್ರಾಂ, ನಾನೇ ಬರೆದ ವಾಕ್ಯ. ಆದರೂ ಸ್ಕ್ರೀನ್ ಮೇಲೆ ಅದನ್ನು ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದೇ ಕೆಲಸವನ್ನು ಈ ಮೊದಲು ಒಂದು ಸಲ ಮಾಡಿದ್ದೆನಲ್ಲ.

ಇನ್ನೊಂದು ವಿಷಯ ಓದಿದ ಮೇಲೆ ಹುಮ್ಮಸ್ಸು ಪೂರ್ತಿ ಇಳಿಯಿತು. ಕರ್ನಲ್‌ಗೆ ಒಳಗಿರುವುದು ಕಾಣಲ್ಲ ನಿಜ, ಆದರೆ ಯಾವ ಬಾಗಿಲು ಯಾವಾಗ ತೆರೆಯಿತು ಅನ್ನುವುದು ಕಾಣುತ್ತೆ. ಪುಟಗಳನ್ನು ಒದಗಿಸುವುದು ಕರ್ನಲ್ ತಾನೇ. ಒಂದೊಂದು ಪುಟವನ್ನೂ ಬೇಕಂತಲೇ ತೆಗೆದಿಟ್ಟು, ಪ್ರೋಗ್ರಾಂ ಯಾವ ಪುಟಕ್ಕಾಗಿ ಎಡವುತ್ತೆ ಅಂತ ಲೆಕ್ಕ ಇಟ್ಟರೆ ಸಾಕು. ಪುಟದ ಒಳಗೆ ಎಲ್ಲಿ ಅನ್ನುವುದನ್ನು ಪ್ರೊಸೆಸರ್ ಮರೆಮಾಡುತ್ತೆ, ಯಾವ ಪುಟ ಅನ್ನುವುದನ್ನು ಮರೆಮಾಡಲ್ಲ. 2015ರಲ್ಲೇ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಪೇಜ್ ಫಾಲ್ಟ್‌ಗಳನ್ನು ನೋಡಿಯೇ ಇಡೀ ಪಠ್ಯವನ್ನೂ ಚಿತ್ರಗಳ ಆಕಾರವನ್ನೂ ಹೊರಗೆ ತೆಗೆದು ತೋರಿಸಿದ್ದರು. ಸಾಲದ್ದಕ್ಕೆ 2018ರಲ್ಲಿ ಫೋರ್‌ಶ್ಯಾಡೋ ಅನ್ನುವ ದಾಳಿ ಬಂತು. ಪ್ರೊಸೆಸರ್ ತನ್ನ ಅವಸರದಲ್ಲಿ ಮಾಡುವ ಊಹೆಯ ಲೆಕ್ಕಗಳ ಮೂಲಕ ಎನ್‌ಕ್ಲೇವ್ ಒಳಗಿನದನ್ನೇ ಓದಬಹುದಾಗಿತ್ತು. ಅದಕ್ಕೆ ಮೈಕ್ರೋಕೋಡ್ ತೇಪೆ ಹಾಕಬೇಕಾಯಿತು.

ಪೇಜ್ ಫಾಲ್ಟ್ ಕಥೆ ಓದಿದಾಗ ನನಗೆ ನೆನಪಾದದ್ದು ರಾತ್ರಿ ಒಂದೂ ನಲವತ್ತು. ಅವನ ಹೆಸರನ್ನು ನಮ್ಮ ಪುಟ ನಿಜವಾಗಿಯೂ ಎಲ್ಲೂ ಬರೆದಿಟ್ಟಿರಲಿಲ್ಲ. ಬಾಗಿಲು ತೆರೆದ ಸಮಯವನ್ನು ಬರೆದಿಟ್ಟಿತ್ತು. ಅಷ್ಟು ಸಾಕಾಯಿತು.

ಹಾಗಾಗಿ ಎನ್‌ಕ್ಲೇವ್ ಆಸೆ ಬಿಟ್ಟು ಕೈಲಾದದ್ದು ಮಾಡಿದೆವು. ಸಮಯವನ್ನು ದಾಖಲಿಸುವುದು ನಿಲ್ಲಿಸಿದೆವು, ಬರೀ ಯಾವ ವಾರ ಅಂತ ಇರುತ್ತೆ. ಸರ್ವರ್‌ನ ಆಕ್ಸೆಸ್ ಲಾಗ್ ತೆಗೆದೆವು. ಕಷ್ಟ ಬರೆದರೆ ಅದು ಬರೆದವರ ಬ್ರೌಸರ್‌ನಲ್ಲೇ ಕೌನ್ಸೆಲರ್ ಮೇಡಂ ಅವರ ಪಬ್ಲಿಕ್ ಕೀಯಿಂದ ಗೂಢಲಿಪಿಯಾಗುತ್ತೆ, ಬಿಚ್ಚುವ ಕೀ ಸರ್ವರ್ ಮೇಲೆ ಇಲ್ಲವೇ ಇಲ್ಲ. ಈಗ ಡೇಟಾಬೇಸ್ ತೆರೆದರೆ ನನಗೆ ಕಾಣುವುದು ಕಸ. ಆದರೆ ಒಂದು ತೂತು ಉಳಿದಿದೆ. ಆ ಪುಟವನ್ನೇ ಬದಲಿಸಿ, ಗೂಢಲಿಪಿಗೆ ಮೊದಲೇ ಒಂದು ಪ್ರತಿ ನನಗೆ ಬರುವ ಹಾಗೆ ಮಾಡುವ ಶಕ್ತಿ ರೂಟ್‌ಗೆ ಈಗಲೂ ಇದೆ. ಎನ್‌ಕ್ಲೇವ್‌ನಲ್ಲಿ ನನಗೆ ಅತಿ ದೊಡ್ಡದು ಅನ್ನಿಸಿದ್ದು ಇದಕ್ಕೇ. ಒಳಗೆ ಓಡುತ್ತಿರುವುದು ಯಾವ ಕೋಡ್ ಅಂತ ಪ್ರೊಸೆಸರ್ ದೂರದಲ್ಲಿರುವವರಿಗೂ ಸಹಿ ಹಾಕಿ ತೋರಿಸಬಲ್ಲದು. ನಮ್ಮ ಡೆಸ್ಕ್‌ಟಾಪ್ ತೋರಿಸಲಾರದು.

ಅದಕ್ಕೆ ದಪ್ಪಕ್ಷರದ ಆ ಹಳೇ ವಾಕ್ಯ ಅಳಿಸಿದೆವು. ಈಗ ಅಲ್ಲಿ ಹೀಗಿದೆ: "ನೀವು ಬರೆದದ್ದನ್ನು ಸರ್ವರ್ ನೋಡಿಕೊಳ್ಳುವವರು ಓದಲಾಗದಂತೆ ಮಾಡಿದ್ದೇವೆ. ಆದರೆ ಈ ಪುಟವನ್ನು ಬದಲಿಸುವ ಅಧಿಕಾರ ಇಬ್ಬರು ವಿದ್ಯಾರ್ಥಿಗಳಿಗೆ ಇದೆ. ಅವರ ಮೇಲೆ ನಂಬಿಕೆ ಬಾರದಿದ್ದರೆ ಇಲ್ಲಿ ಬರೆಯಬೇಡಿ, ನೇರವಾಗಿ ಮೇಡಂ ಹತ್ತಿರ ಹೋಗಿ." ಹೀಗೆ ಬರೆದರೆ ಯಾರೂ ಬರೆಯಲ್ಲ ಅಂತ ಕಮಿಟಿಯಲ್ಲಿ ಒಬ್ಬರು ಹೇಳಿದರು. ಬರೆಯುತ್ತಿದ್ದಾರೆ. ಏನು ಅಂತ ನನಗೆ ಗೊತ್ತಿಲ್ಲ.

ಸೆಮಿನಾರ್ ಆದ ವಾರ ಮೆಸ್ಸಿನಲ್ಲಿ ಹಳೇ ರೂಮ್‌ಮೇಟ್ ಎದುರು ತಟ್ಟೆ ಇಟ್ಟುಕೊಂಡು ಕೂತೆ. ಅವನು ಬೇರೆ ಬ್ರಾಂಚ್. ಏನು ಸೆಮಿನಾರ್ ಕೊಟ್ಟೆ ಅಂತ ಕೇಳಿದ. ಕನ್ನಡದಲ್ಲಿ ಹೇಳಲು ಶುರುಮಾಡಿದೆ. ವಾರ್ಡನ್, ಟ್ರಂಕು, ಸ್ಟೋರ್ ರೂಮು ಎಲ್ಲ ಆಗಲೇ ಹೊಳೆದದ್ದು. ಇಂಗ್ಲಿಷಿನಲ್ಲಿ ಹದಿನೈದು ನಿಮಿಷ ಆರಾಮಾಗಿ ಹೇಳಿದ್ದೆ. ಕನ್ನಡದಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಮಾತಾಡುತ್ತಿರುವುದು ಯಾರ ಬಗ್ಗೆ ಅಂತ ಇಬ್ಬರಿಗೂ ಗೊತ್ತಾಗಿಹೋಗಿತ್ತು. ನಿಲ್ಲಿಸಿ, "ತಪ್ಪಾಯ್ತು ಕಣೋ," ಅಂದೆ. ಒಂದು ವರ್ಷ ತಡವಾಗಿ. ಅವನು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಮತ್ತೆ ಆ ಸ್ಟೋರ್ ರೂಮಿನ ನಂಬರ್ ವಿಷಯ ಏನು, ಪೂರ್ತಿ ಹೇಳು," ಅಂದ.

ಈ ಲೇಖನವನ್ನು ಕಳಿಸುವ ಮುಂಚೆ ಅವನಿಗೆ ಓದಲು ಕೊಟ್ಟೆ. ನಾಲ್ಕು ಕಡೆ ಪೆನ್ನಿನಲ್ಲಿ ಹೊಡೆದು ಹಾಕಿದ. ಊರು, ಬ್ರಾಂಚ್, ಇನ್ನೆರಡು ವಿಷಯ. ಅವನು ಆಡಿದ ಮಾತುಗಳನ್ನು ಇಲ್ಲಿ ನನ್ನ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಅವನು ಮಾತಾಡುವ ರೀತಿಯಲ್ಲೇ ಬರೆದಿದ್ದರೆ ಓದೋಕೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ನಾನು ಅವನನ್ನು ಗುರುತು ಹಿಡಿದದ್ದೇ ಅದರಿಂದ.